ಭಾವನ ವಾಲ್ಯೂಮ್ ಇಳಿಸಿದ್ದು

ಕಂಟೇನರ್ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯವಾಗಿತ್ತು. ನೆಲಮಂಗಲದ ಹೆದ್ದಾರಿ ಪಕ್ಕದ ಗೋಡೌನೊಂದರಲ್ಲಿ ಸೂಪರ್‌ವೈಸರ್ ಆಗಿ, ತಲೆಗೂದಲು ಬೆಳ್ಳಗಾಗುವ ತನಕ ಕಂಟೇನರ್‌ಗಳ ಬಾಗಿಲು ತೆಗೆಸಿ, ಮಾಲು ಇಳಿಸಿ, ಮತ್ತೆ ತುಂಬಿಸಿ, ಸೀಲು ಹಾಕಿಸಿ ಕಳಿಸಿದವನು ನಾನು. ಯಾವ ಕಂಟೇನರ್ ಸೋರುತ್ತದೆ, ಯಾವ ಡ್ರೈವರ್ ದಾರಿಯಲ್ಲಿ ಡೀಸೆಲ್ ಮಾರಿಕೊಂಡು ಬಂದಿದ್ದಾನೆ ಎಂಬುದನ್ನು ಗೇಟಿನಲ್ಲಿ ನಿಂತೇ ಹೇಳಬಲ್ಲೆ. ಹಾಗಾಗಿ ನಮ್ಮ ಮೇಲಿನ ಮನೆಯಲ್ಲಿ ಬಾಡಿಗೆಗಿರುವ ಪವಿತ್ರಾ ಒಂದು ದಿನ, "ಅಂಕಲ್, ಇದನ್ನ ನಿಮ್ಮ ಕಂಪ್ಯೂಟರ್‌ನಲ್ಲೇ, ಒಂದು ಕಂಟೇನರ್ ಒಳಗೆ ಓಡಿಸ್ಬೋದು" ಎಂದಾಗ ನಾನು ಸ್ವಲ್ಪವೂ ಅಳುಕಲಿಲ್ಲ.

"ಎಷ್ಟು ಅಡೀದು? ಇಪ್ಪತ್ತೋ, ನಲವತ್ತೋ?" ಎಂದೆ.

ತಮಾಷೆಗೆ ಅಂದೆ ಎಂದುಕೊಂಡು ಅವಳು ನಕ್ಕಳು. ನಾನು ತಮಾಷೆ ಮಾಡಿರಲಿಲ್ಲ.

ಓಡಿಸಬೇಕಾಗಿದ್ದ 'ಇದು' ಯಾವುದೆಂದರೆ ನನ್ನ ಭಾವನ ದನಿ.

ಭಾವ ಎಂದರೆ ನನ್ನ ಹೆಂಡತಿ ಮಂಜುಳಾಳ ಅಣ್ಣ, ಮುನಿರಾಜು. ದೊಡ್ಡಬೆಳವಂಗಲದ ಹೈಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ಅವನ ತಂಗಿಯನ್ನು ಮದುವೆಯಾದ ಮೇಲೂ ಅವನು ನನಗೆ "ಲೇ" ಎನ್ನುವುದನ್ನು ಬಿಟ್ಟವನಲ್ಲ. ದೊಡ್ಡಬಳ್ಳಾಪುರದ ಒಂದು ತರಕಾರಿ ಮಂಡಿಯಲ್ಲಿ ಹರಾಜು ಕೂಗುವುದು ಅವನ ಕೆಲಸ. ಬೆಳಗಿನ ಜಾವ ಮೂಟೆಗಳ ನಡುವೆ ನಿಂತು ಅವನು ಟೊಮೆಟೊ ಕೂಗಿದರೆ ಬಸ್ ಸ್ಟ್ಯಾಂಡಿನಲ್ಲಿ ಮಲಗಿದ್ದವರು ಎದ್ದು ಕೂತು ಚೌಕಾಸಿಗೆ ಶುರು ಮಾಡುತ್ತಿದ್ದರು. ಆ ಗಂಟಲಿನಲ್ಲೇ ಗಂಟು ಕಾಣಿಸಿಕೊಂಡಿತು. ಕ್ಯಾನ್ಸರ್. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಇಲ್ಲದಿದ್ದರೆ ಮನುಷ್ಯ ಉಳಿಯುವುದಿಲ್ಲ ಎಂದರು ಡಾಕ್ಟರು.

"ತೆಗೀರಿ ಸಾರ್. ಮಂಡೀಲಿ ಇನ್ನೊಬ್ಬ ಕೂಗ್ತಾನೆ" ಎಂದ ಭಾವ, ಬಹಳ ಧೈರ್ಯವಾಗಿ. ಹೊರಗೆ ಬಂದು ಆಟೋದಲ್ಲಿ ಕೂತ ಮೇಲೆ ಮಾತ್ರ ನನ್ನ ಕಡೆ ತಿರುಗಿ, "ಮನೇಲಿ ಯಾರೋ ಕೂಗೋದು?" ಎಂದು ಕೇಳಿದ. ನಾನು ಆಟೋ ಮೀಟರ್ ನೋಡುತ್ತಾ ಕೂತೆ.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಂ ಒಬ್ಬರಿದ್ದರು. ಆಪರೇಷನ್ನಿಗೆ ಮುಂಚೆ ಆದಷ್ಟು ದನಿ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ, ಈಗ ಎಐ ಬಂದಿದೆ, ಅಕ್ಷರ ಒತ್ತಿದರೆ ಅವರದೇ ದನಿಯಲ್ಲಿ ಮಾತಾಡಿಸಬಹುದು ಎಂದರು. ಇಂಟರ್‌ನೆಟ್ಟಿನಲ್ಲಿ ಅಂಥ ಕಂಪನಿಗಳು ಬೇಕಾದಷ್ಟಿವೆಯಂತೆ. ಭಾವ ಸುತರಾಂ ಒಪ್ಪಲಿಲ್ಲ.

"ನನ್ನ ದನಿ ಯಾವನ್ದೋ ಕೈಗೆ ಸಿಕ್ಕಿ, ಅವ್ನು ನಮ್ಮ ನೆಂಟರಿಗೆಲ್ಲ ಫೋನ್ ಹಾಕಿ ದುಡ್ಡು ಕೇಳಿದ್ರೆ? ಬೇಡ ಕಣ್ರೋ. ನಮ್ಮ ಮನೇಲೇ ಇರ್ಲಿ."

"ನಮ್ಮ ಮನೇಲೇ ಇರುತ್ತೆ. ನಾನಿದ್ದೀನಲ್ಲ!" ಎಂದೆ.

ಈ "ನಾನಿದ್ದೀನಲ್ಲ" ಎಂಬ ಮಾತನ್ನು ನಾನು ಜೀವನದಲ್ಲಿ ಎಲ್ಲೆಲ್ಲಿ ಆಡಿದ್ದೇನೋ ಅಲ್ಲೆಲ್ಲ ಆಮೇಲೆ ಒಬ್ಬ ಪ್ಲಂಬರನೋ ಪೊಲೀಸಿನವನೋ ಬಂದು ಹೋಗಿದ್ದಾನೆ. ಮಂಜುಳಾಳಿಗೆ ಇದು ಗೊತ್ತು. ಅವಳು ನನ್ನ ಮುಖ ನೋಡಿದಳು. 

ಆಪರೇಷನ್ನಿಗೆ ಮುಂಚೆ ಕೆಲವು ಸಂಜೆ ಭಾವ ನಮ್ಮ ಹಾಲ್‌ನಲ್ಲಿ ಕೂತು ನನ್ನ ಫೋನಿಗೆ ಮಾತಾಡಿದ. ದನಿ ಆಗಲೇ ಒಡೆದಿತ್ತು, ಆದರೂ ಅದು ಅವನದೇ ದನಿ. "ಕಾಫೀಗೆ ಸಕ್ಕರೆ ಕಮ್ಮಿ" ಎಂದ. "ಬಾಗ್ಲು ಹಾಕ್ರೋ, ಸೊಳ್ಳೆ ಬರ್ತವೆ" ಎಂದ. ಟೊಮೆಟೊ ಕೂಗಿದ, ಹುರುಳಿಕಾಯಿ ಕೂಗಿದ. ಮನೆಯವರ ಹೆಸರುಗಳನ್ನೆಲ್ಲ ತಾನು ಹೇಗೆ ಕರೆಯುತ್ತಾನೋ ಹಾಗೆಯೇ ಒಂದೊಂದಾಗಿ ಕರೆದ. ತಂಗಿಯ ಹೆಸರನ್ನು "ಮಂಜೂ" ಎಂದು ಉದ್ದಕ್ಕೆ ಎಳೆದಾಗ ಅಡುಗೆಮನೆಯಿಂದ ಇವಳು, "ಬಂದೆ ಅಣ್ಣ" ಎಂದಳು.

"ನಿನ್ನಲ್ಲ ಕಣಮ್ಮ, ಫೋನನ್ನ ಕರ್ದೆ" ಎಂದು ನಕ್ಕ.

ಕೊನೆಗೊಂದು ದಿನ ಸುಸ್ತಾಗಿ, "ಸಾಕು ಕಣೋ ಕೇಶವ, ಮಿಕ್ಕಿದ್ದು ಆಮೇಲೆ ಹೇಳ್ತೀನಿ" ಎಂದವನು ತಟ್ಟನೆ ಸುಮ್ಮನಾದ. ಅವನಿಗೆ ಆಮೇಲೆ ಎನ್ನುವುದು ಇರಲಿಲ್ಲ. ನಾನು ರೆಕಾರ್ಡಿಂಗ್ ನಿಲ್ಲಿಸುವುದನ್ನೂ ಮರೆತಿದ್ದೆ.

ದೇವನಹಳ್ಳಿ ಕಡೆಯ ಸಾಫ್ಟ್‌ವೇರ್ ಕಂಪನಿಗೆ ಹೋಗಿಬರುವ ಪವಿತ್ರಾ ಒಂದು ರಜಾದಿನ ಕೆಳಗೆ ಬಂದು ನನ್ನ ಕಂಪ್ಯೂಟರಿನಲ್ಲಿ ಎಲ್ಲವನ್ನೂ ಕೂರಿಸಿಕೊಟ್ಟಳು. ಪಾಪ, ತಾಳ್ಮೆಯಿಂದ ವಿವರಿಸಿದಳು ಕೂಡ. ಎಐ ಎನ್ನುವುದು ಓದಿಕೊಂಡ ತಲೆ, ಅದಕ್ಕೆ ಕೈಯಿಲ್ಲ. ದನಿ ಹೊರಡಿಸುವಂಥ ಕೆಲಸಗಳನ್ನು ಅದಕ್ಕೆ ಮಾಡಿಕೊಡುವುದು ಟೂಲ್ ಸರ್ವರ್. ಆ ಟೂಲ್ ಸರ್ವರ್ ಒಂದು ಕಂಟೇನರ್ ಒಳಗಿರುತ್ತದೆ. ನಾನು ಇದನ್ನು ನಿಂತ ನಿಲುವಿನಲ್ಲೇ ಗೋಡೌನ್ ಭಾಷೆಗೆ ತಂದುಕೊಂಡೆ. ಎಐ ಎಂದರೆ ಆಫೀಸಿನಲ್ಲಿ ಕೂತ ಗುಮಾಸ್ತ. ಟೂಲ್ ಸರ್ವರ್ ಎಂದರೆ ಹಮಾಲರ ಮೇಸ್ತ್ರಿ. ಗುಮಾಸ್ತ ಚೀಟಿ ಕೊಡುತ್ತಾನೆ, ಮೇಸ್ತ್ರಿ ಕಂಟೇನರ್ ಒಳಗಿಂದ ದನಿಯನ್ನು ಹೊತ್ತು ತಂದು ಇಳಿಸುತ್ತಾನೆ!

"ಕರೆಕ್ಟ್ ಅಂಕಲ್! ಎಷ್ಟು ಬೇಗ ಹಿಡ್ಕೊಂಡ್ಬಿಟ್ರಿ!" ಎಂದಳು ಪವಿತ್ರಾ.

ಅಲ್ಲಿಗೆ ಮುಗಿಯಿತು. ಯಾರಾದರೂ ಹೊಗಳಿದ ಕ್ಷಣದಿಂದ ನನಗೆ ಕಿವಿ ಕೇಳಿಸುವುದು ನಿಂತುಹೋಗುತ್ತದೆ. ಆಮೇಲೆ ಅವಳು ಹೇಳಿದ್ದರಲ್ಲಿ ನನ್ನ ತಲೆಯಲ್ಲಿ ಉಳಿದದ್ದು ಇಷ್ಟೇ: ಶುರು ಮಾಡಲು 'ಅಪ್' ಎಂದು ಟೈಪ್ ಮಾಡಬೇಕು, ನಿಲ್ಲಿಸಲು 'ಡೌನ್' ಎಂದು. ಫೋನಿನಲ್ಲಿರುವ ಮೂಲ ರೆಕಾರ್ಡಿಂಗ್ ಅಳಿಸಬೇಡಿ ಎಂದೂ ಹೇಳಿದ್ದಳಂತೆ. ಇರಬಹುದು.

ಮಾರನೆಯ ದಿನವೇ ನಾನು ಅವನ್ನು ಅಳಿಸಿದೆ.

"ಅಣ್ಣ ಮಾತಾಡಿದ್ದನ್ನ ಫೋನಿಂದ ತೆಗೆದ್‌ಬಿಟ್ರಾ?" ಎಂದು ಮಂಜುಳಾ ಗಾಬರಿಯಾದಳು.

"ಫೋನ್ ತುಂಬಿಹೋಗಿತ್ತು ಕಣೇ. ಮಾಲು ಗೋಡೌನ್‌ಗೆ ಬಂದ್ಮೇಲೆ ಲಾರೀಲಿ ಯಾಕಿರ್ಬೇಕು? ಒಂದೇ ಮಾಲು ಎರಡು ಕಡೆ ಇದ್ರೆ ಅದಕ್ಕೆ ಕಳ್ಳಲೆಕ್ಕ ಅಂತಾರೆ."

"ಏನೋಪ್ಪ, ನಂಗಿದೆಲ್ಲ ಅರ್ಥ ಆಗಲ್ಲ."

"ಅದಕ್ಕೇ ನಾನು ಮಾಡ್ತಿರೋದು!"

ಆಪರೇಷನ್ ಆಯಿತು. ಭಾವ ಉಳಿದುಕೊಂಡ. ಕತ್ತಿನಲ್ಲಿ ಉಸಿರಾಡಲು ಒಂದು ತೂತು ಉಳಿಯಿತು, ಮಾತು ಹೋಯಿತು. ಗಾಯ ಮಾಗಿ, ನುಂಗಲು ಶುರುವಾದ ಮೇಲೆ ಒಂದು ಭಾನುವಾರ ನಮ್ಮ ಮನೆಗೆ ಬಂದು ತನ್ನ ದನಿ ಕೇಳುವುದೆಂದು ಗೊತ್ತಾಯಿತು. ಹಿಂದಿನ ದಿನ, ಶನಿವಾರ ಮಧ್ಯಾಹ್ನ ನಾನು ಪೂರ್ವಸಿದ್ಧತಾ ಪರೀಕ್ಷೆಯನ್ನು ಹಮ್ಮಿಕೊಂಡೆ.

ಮೊದಲನೇ ಸಲ 'ಅಪ್' ಕೊಟ್ಟಾಗ ಅದು ಏಳಲಿಲ್ಲ. ಪೋರ್ಟ್ ಈಗಾಗಲೇ ಬೇರೆಯವರ ವಶದಲ್ಲಿದೆ ಎಂದು ಪರದೆಯ ಮೇಲೆ ಬಂತು. ನನಗೆ ಆಶ್ಚರ್ಯವಾಗಲಿಲ್ಲ. ಚೆನ್ನೈ ಪೋರ್ಟಿನಲ್ಲಿ ಕಂಟೇನರ್ ಸಿಕ್ಕಿಹಾಕಿಕೊಂಡರೆ ಏನು ಮಾಡಬೇಕೆಂದು ನನಗೆ ಗೊತ್ತು: ಏನೂ ಮಾಡಬಾರದು, ಕಾಯಬೇಕು. ಊಟ ಮಾಡಿ ಬಂದು ನೋಡಿದೆ, ಇನ್ನೂ ಬಿಟ್ಟಿರಲಿಲ್ಲ. ಪವಿತ್ರಾಗೆ ಫೋನ್ ಮಾಡಿದರೆ, "ಅಯ್ಯೋ ಅಂಕಲ್, ಇನ್ಯಾವುದೋ ಪ್ರೋಗ್ರಾಮ್ ಅದೇ ನಂಬರ್ ಹಿಡ್ಕೊಂಡು ಕೂತಿದೆ ಅಷ್ಟೆ, ಕಂಪ್ಯೂಟರ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ" ಎಂದಳು. ಮಾಡಿದೆ. ಎದ್ದಿತು. ಚೆನ್ನೈಗೆ ಇದರಲ್ಲಿ ಸಂಬಂಧವಿರಲಿಲ್ಲ.

ಕಂಪ್ಯೂಟರಿಗೆ ನಾನು ಸಿಕ್ಕಿಸಿದ್ದು ನಮ್ಮ ಬೀದಿಯ ಗಣೇಶನ ಹಬ್ಬಕ್ಕೆಂದು ತಂದು, ಹಬ್ಬ ಮುಗಿದ ಮೇಲೂ ನಮ್ಮ ಮನೆಯಲ್ಲೇ ಉಳಿದುಹೋದ ಸ್ಪೀಕರ್. ಸೌಂಡ್ ತಿರುಗಿಸುವ ತಿರುಪು ಎಂದೋ ಕಿತ್ತುಹೋಗಿತ್ತು. "ಮಂಜು, ಊಟಕ್ಕೆ ಬಾ" ಎಂದು ಟೈಪ್ ಮಾಡಿ ಒತ್ತಿದೆ.

"ಮಂಜೂ, ಊಟಕ್ಕೆ ಬಾ!"

ಕಿಟಕಿ ಗಾಜು ಅದುರಿತು. ಮಂಜುಳಾ ಹಿಟ್ಟಿನ ಕೈಯಲ್ಲೇ ಓಡಿ ಬಂದು, ಬಾಗಿಲಲ್ಲಿ ನಿಂತು, ಹಾಲ್‌ನಲ್ಲಿ ಅಣ್ಣ ಇಲ್ಲದ್ದನ್ನು ಕಂಡು, ನೆಲದ ಮೇಲೆ ಕೂತುಬಿಟ್ಟಳು. "ಇನ್ನೊಂದ್ಸಲ ಹಾಕ್ರೀ" ಎಂದಳು. ಹಾಕಿದೆ. ಇಬ್ಬರೂ ಅತ್ತೆವು. ಮದುವೆಯಾದಾಗಿನಿಂದ ಅವಳು ನನ್ನನ್ನು ಅಷ್ಟು ಮೆಚ್ಚುಗೆಯಿಂದ ನೋಡಿದ್ದು ನನಗೆ ನೆನಪಿಲ್ಲ. ಆ ಹುರುಪಿನಲ್ಲಿ ನಾನು ಭಾವನ ಬಾಯಲ್ಲಿ ಟೊಮೆಟೊ ಹರಾಜು ಹಾಕಿಸಿದೆ, ಹುರುಳಿಕಾಯಿ ಹಾಕಿಸಿದೆ, ಮೂಲಂಗಿಗೂ ಕೈ ಹಾಕಿದೆ. ಆಗ ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ರೇವಣ್ಣನವರ ದನಿ ಕೇಳಿತು.

"ಏನ್ರೀ ಕೇಶವಣ್ಣ, ಮನೇಲಿ ಮಂಡಿ ಇಟ್ಬಿಟ್ರಾ? ಬಿಪಿ ಮಾತ್ರೆ ತಗೊಂಡು ಮಲಗಿದೀನಿ ಕಣ್ರೀ!"

"ಈಗ್ಲೇ ಕಮ್ಮಿ ಮಾಡ್ತೀನಿ ಸಾರ್!"

ಸಾಮಾನ್ಯ ಮನುಷ್ಯನಾಗಿದ್ದರೆ ಸ್ಪೀಕರಿನ ಪ್ಲಗ್ ಕೀಳುತ್ತಿದ್ದ. ನಾನು ಸೂಪರ್‌ವೈಸರ್. ಕ್ರಮಬದ್ಧವಾಗಿಯೇ ಮಾಡಬೇಕೆಂದು ಪವಿತ್ರಾ ತೋರಿಸಿಕೊಟ್ಟಿದ್ದ ಕಪ್ಪು ಕಿಟಕಿಯನ್ನು ತೆರೆದು, 'ಹೆಲ್ಪ್' ಎಂದು ಟೈಪ್ ಮಾಡಿ ಸಹಾಯ ಕೇಳಿದೆ. ಉದ್ದಕ್ಕೆ ಇಂಗ್ಲಿಷ್ ಇಳಿಯಿತು. ಅದರಲ್ಲಿ 'ಡೌನ್' ಕಾಣಿಸಿತು. ಅದರ ಕೆಳಗೆ 'ವಿ' ಎಂಬ ಅಕ್ಷರ, ಪಕ್ಕದಲ್ಲಿ ವಾಲ್ಯೂಮ್ ತೆಗೆಯುವುದಕ್ಕೆ ಎಂಬ ವಿವರಣೆ. ನನ್ನ ಸಂತೋಷಕ್ಕೆ ಪಾರವೇ ಇಲ್ಲ! ವಾಲ್ಯೂಮ್, ಡೌನ್. ಇಷ್ಟು ವರ್ಷ ಟಿವಿ ರಿಮೋಟಿನಲ್ಲಿ ನಾನು ಒತ್ತುತ್ತಾ ಬಂದಿದ್ದು ಇದನ್ನೇ ಅಲ್ಲವೇ? ಎರಡನ್ನೂ ಸೇರಿಸಿ ಟೈಪ್ ಮಾಡಿ ಒತ್ತಿದೆ.

ಅದು ಒಂದು ಮಾತೂ ಕೇಳಲಿಲ್ಲ. ನಮ್ಮ ಗೋಡೌನಿನಲ್ಲಿ ಹರಿದ ಗೋಣಿಚೀಲ ಹೊರಗೆ ಹೋಗಬೇಕಾದರೂ ಗೇಟ್ ಪಾಸ್ ಬೇಕು, ವಾಚ್‌ಮನ್ ಒಂದು ಪ್ರಶ್ನೆಯನ್ನಾದರೂ ಕೇಳುತ್ತಾನೆ. ಇಲ್ಲಿ ಹಸಿರು ಟಿಕ್ ಮಾರ್ಕುಗಳು ಸಾಲಾಗಿ ಬಂದವು. ಕಂಟೇನರ್, ತೆಗೆಯಲಾಗಿದೆ. ವಾಲ್ಯೂಮ್, ತೆಗೆಯಲಾಗಿದೆ. ಸ್ಪೀಕರ್ ನಿಶ್ಶಬ್ದವಾಯಿತು.

"ಥ್ಯಾಂಕ್ಸ್ ಕಣ್ರೀ!" ಎಂದರು ಆಚೆಯಿಂದ ರೇವಣ್ಣ.

ಭಾನುವಾರ ಭಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಕತ್ತಿನ ತೂತು ಕಾಣದಂತೆ ತೆಳು ಬಟ್ಟೆ ಕಟ್ಟಿಕೊಂಡು ಬಂದ. ಜೊತೆಗೆ ಅವನ ಹೆಂಡತಿ ಲಕ್ಷ್ಮಕ್ಕ. ತೂಕ ಇಳಿದು ಅಂಗಿ ಅವನಿಗೆ ಎರಡು ಸೈಜ್ ದೊಡ್ಡದಾಗಿತ್ತು. ಕಂಪ್ಯೂಟರಿನ ಮುಂದೆ ಕೂತು, ಮಂಡಿಯಲ್ಲಿ ಹರಾಜಿಗೆ ಮುಂಚೆ ಮಾಡುತ್ತಿದ್ದಂತೆ ಎರಡೂ ಅಂಗೈ ಉಜ್ಜಿಕೊಂಡ. ನಾನು ಈ ವ್ಯವಸ್ಥೆಯ ಹಿನ್ನೆಲೆ, ನಡೆದು ಬಂದ ದಾರಿ ಮತ್ತು ಅದರಲ್ಲಿ ನನ್ನ ಅಳಿಲುಸೇವೆ ಕುರಿತು ನಾಲ್ಕು ಮಾತಾಡಿದೆ. 'ಅಪ್' ಕೊಟ್ಟೆ. ಜಗ್ಗನೆ ಎದ್ದಿತು.

ಭಾವ ಒಂದೇ ಬೆರಳಿನಲ್ಲಿ, ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡಿದ: ಮಂಜು, ಕಾಫಿ ಕೊಡಮ್ಮ. ಲಕ್ಷ್ಮಕ್ಕ ಕೈ ಮುಗಿದುಕೊಂಡಿದ್ದರು. ಅವನು ಒತ್ತಿದ.

"ಮಂಜು, ಕಾಫಿ ಕೊಡಮ್ಮ" ಎಂದಳು ಒಬ್ಬಳು ಹೆಂಗಸು.

ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿ ತಡವಾಗಿ ಬರುತ್ತದೆಂದು ಹೇಳುವ ಹೆಂಗಸು ಇರುತ್ತಾಳಲ್ಲ, ಅಂಥ ನಯವಾದ, ಯಾರಿಗೂ ಸಂಬಂಧಪಡದ ದನಿ.

"ಮೊದ್ಲು ಸ್ವಲ್ಪ ಬಿಸಿ ಆಗ್ಬೇಕು, ಇನ್ನೊಂದ್ಸಲ ಒತ್ತು" ಎಂದೆ. ಒತ್ತಿದ. ಆ ಹೆಂಗಸು ಮತ್ತೆ ಅಷ್ಟೇ ವಿನಯದಿಂದ ಕಾಫಿ ಕೇಳಿದಳು. ನಾನು ಎಐಯನ್ನೇ ವಿಚಾರಿಸಿದೆ. ಅದು ಒಳ್ಳೆಯ ಕನ್ನಡದಲ್ಲಿ ಉತ್ತರಿಸಿತು: ಮುನಿರಾಜು ಎಂಬ ದನಿ ಇಲ್ಲಿ ಸಿಗಲಿಲ್ಲ, ಆದ್ದರಿಂದ ಮೊದಲೇ ಇರುವ ದನಿಯನ್ನು ಬಳಸಿದ್ದೇನೆ. ನಾನು ಪರದೆಗೆ ಕೈ ಅಡ್ಡ ಹಿಡಿಯುವಷ್ಟರಲ್ಲಿ ಭಾವ ಓದಿಬಿಟ್ಟಿದ್ದ.

ಮಂಜುಳಾ ಮೇಲೆ ಹೋಗಿ ಪವಿತ್ರಾಳನ್ನು ಕರೆತಂದಳು. ಅವಳು ಏನೇನೋ ಒತ್ತಿ ನೋಡಿ ನನ್ನ ಕಡೆ ತಿರುಗಿದಳು.

"ಅಂಕಲ್, ನಿನ್ನೆ ಡೌನ್ ಕೊಟ್ಟಾಗ ಅದರ ಮುಂದೆ ಇನ್ನೇನಾದ್ರೂ ಹಾಕಿದ್ರಾ?"

"ವಿ ಹಾಕಿದ್ದೆ. ವಾಲ್ಯೂಮ್ ಕಮ್ಮಿ ಮಾಡೋಕೆ."

ಪವಿತ್ರಾ ಕೀಲಿಮಣೆಯಿಂದ ಕೈ ತೆಗೆದಳು. "ಇಲ್ಲಿ ವಾಲ್ಯೂಮ್ ಅಂದ್ರೆ ಸೌಂಡ್ ಅಲ್ಲ ಅಂಕಲ್."

"ಮತ್ತೆ?"

"ಕಂಟೇನರ್ ಬರುತ್ತೆ, ಹೋಗುತ್ತೆ. ಅದು ಹೋದ್ರೂ ಒಳಗಿದ್ದ ಮಾಲು ಉಳ್ಕೊಳ್ಳೋ ಜಾಗಾನೇ ವಾಲ್ಯೂಮ್. ಹೆಂಗೆ ಹೇಳ್ಲಿ... ಗೋಡೌನ್ ಅಂದ್ಕೊಳ್ಳಿ."

ಗೋಡೌನ್! ಆ ಕಂಪ್ಯೂಟರಿನ ಪ್ರತಿಯೊಂದು ಶಬ್ದವನ್ನೂ ಕುತ್ತಿಗೆ ಹಿಡಿದು ನನ್ನ ಗೋಡೌನಿಗೆ ಎಳೆದು ತಂದವನು ನಾನು. ನಿಜವಾಗಿಯೂ ಗೋಡೌನ್ ಎಂದೇ ಅರ್ಥವಿದ್ದ ಒಂದೇ ಒಂದು ಶಬ್ದವನ್ನು ಮಾತ್ರ ಟಿವಿ ರಿಮೋಟಿಗೆ ಕೊಂಡೊಯ್ದೆ.

"ಪರ್ವಾ ಇಲ್ಲ, ಮತ್ತೆ ಹಾಕೋಣ. ಫೋನಲ್ಲಿ ಒರಿಜಿನಲ್ ಇದೆಯಲ್ಲ?" ಎಂದಳು ಪವಿತ್ರಾ.

ನಾನು ಮಂಜುಳಾಳನ್ನು ನೋಡಿದೆ. ಅವಳು ಗೋಡೆ ನೋಡಿದಳು.

ಭಾವ ಎದ್ದು ನನ್ನ ಹತ್ತಿರ ಬಂದ. ಬಾಯಿ ತೆರೆದ. ಏನು ಬರುತ್ತದೆಂದು ನನಗೆ ಹೈಸ್ಕೂಲಿನಿಂದ ಗೊತ್ತು. "ಲೇ ಕತ್ತೆ" ಎಂದು ಶುರುವಾಗಿ ನನ್ನ ಇಡೀ ವಂಶವನ್ನು ಒಂದು ಸುತ್ತು ಹಾಕಿ ಬರಬೇಕು. ತುಟಿಗಳು ಅದನ್ನೇ ಹೇಳಿದವು. ಆದರೆ ಬಂದದ್ದು ಕತ್ತಿನ ಬಟ್ಟೆಯ ಹಿಂದಿನಿಂದ ಬುಸ್ ಎಂಬ ಗಾಳಿ ಮಾತ್ರ. ಅವನಿಗೇ ಅದು ಕೇಳಿಸಿತೆಂದು ತೋರುತ್ತದೆ. ಬಾಯಿ ಮುಚ್ಚಿಕೊಂಡು ಹೋಗಿ ಕೂತು, ಫೋನಿನಲ್ಲಿ ಏನೋ ಬರೆದು ನನಗೆ ತೋರಿಸಿದ. "ಹೋಗ್ಲಿ ಬಿಡು" ಎಂದಿತ್ತು.

ಅವನು ಕಪಾಳಕ್ಕೆ ಹೊಡೆದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಬಚ್ಚಲುಮನೆಗೆ ಹೋಗಿ, ಅಳುವುದು ಹೊರಗೆ ಕೇಳಿಸಬಾರದೆಂದು ನಲ್ಲಿ ಬಿಟ್ಟುಕೊಂಡು ಅತ್ತೆ. "ಟ್ಯಾಂಕ್ ಖಾಲಿ ಆಗುತ್ತೆ, ನಲ್ಲಿ ನಿಲ್ಸಿ ಅಳ್ರೀ!" ಎಂದು ಮಂಜುಳಾ ಹೊರಗಿನಿಂದ ಬಾಗಿಲು ಬಡಿದಳು.

ಆಮೇಲೆ ಶುರುವಾಯಿತು ಶೋಧನೆ. ನೆಂಟರಿಷ್ಟರ ಫೋನುಗಳಲ್ಲಿದ್ದ ಮದುವೆ, ನಾಮಕರಣ, ಗೃಹಪ್ರವೇಶದ ವಿಡಿಯೋಗಳನ್ನೆಲ್ಲ ತರಿಸಿದೆವು. ಎಲ್ಲದರಲ್ಲೂ ಭಾವ ಇದ್ದ, ಎಲ್ಲದರಲ್ಲೂ ಬಾಯಿ ಆಡಿಸುತ್ತಿದ್ದ, ಎಲ್ಲದರಲ್ಲೂ ವಾಲಗದವರು ಅವನ ಪಕ್ಕದಲ್ಲೇ ನಿಂತು ಊದುತ್ತಿದ್ದರು. ಮಂಡಿಯವರ ವಿಡಿಯೋಗಳಲ್ಲಿ ನೂರು ಜನ ಒಟ್ಟಿಗೆ ಕೂಗುತ್ತಿದ್ದರು. ಕೊನೆಗೆ ಪವಿತ್ರಾ, "ಅಂಕಲ್, ನಿಮ್ಮ ಫೋನಲ್ಲಿ ಕಾಲ್ ರೆಕಾರ್ಡ್ ಆಗುತ್ತಾ?" ಎಂದು ಕೇಳಿದಳು.

ಆಗುತ್ತಿತ್ತು! ಗೋಡೌನ್ ದಿನಗಳಲ್ಲಿ ಟ್ರಾನ್ಸ್‌ಪೋರ್ಟಿನವರು ಕೊಟ್ಟ ಮಾತು ತಪ್ಪಬಾರದೆಂದು ಹಾಕಿಸಿಕೊಂಡದ್ದು, ತಾನಾಗಿಯೇ ನಡೆಯುತ್ತಿತ್ತು. ಅಳಿಸುವುದಕ್ಕೆ ನನಗೆ ಅದು ಎಲ್ಲಿದೆಯೆಂದು ಗೊತ್ತಿರಲಿಲ್ಲ, ಆದ್ದರಿಂದ ಉಳಿದಿತ್ತು. ಎಲ್ಲರೂ ಹಾಲ್‌ನಲ್ಲಿ ಕೂತರು. ಪವಿತ್ರಾ ಮೊದಲನೆಯದನ್ನು ಹಾಕಿದಳು.

"ಲೇ ಕೇಶವ! ಬುದ್ಧಿ ಎಲ್ಲಿ ಅಡ ಇಟ್ಟಿದೀಯೋ? ನಮ್ಮ ಹುಡುಗನ ಮದ್ವೆ ಮೇಲಿನ್ ಹಾಲ್‌ನಲ್ಲಿ ಕಣೋ! ಕೆಳಗೆ ಯಾವನ್ದೋ ಮದ್ವೇಲಿ ಮುಯ್ಯಿ ಮಾಡಿ ಊಟಕ್ಕೆ ಕೂತಿದೀಯಲ್ಲೋ!"

ಎರಡನೆಯದು: "ಲೇ, ಮೋಟ್ರು ನಾನೇ ರಿಪೇರಿ ಮಾಡ್ತೀನಿ ಅಂದ್ಯಲ್ಲ, ಈಗ ನೀರೂ ಇಲ್ಲ, ಮೋಟ್ರೂ ಇಲ್ಲ! ಬೋರ್‌ವೆಲ್ ಒಳಗೇ ಬಿದ್ದೋಯ್ತಲ್ಲೋ!" ಮೂರನೆಯದು ನಾನು ಇಲ್ಲಿ ಬರೆಯುವಂಥದ್ದಲ್ಲ. ಒಂದೊಂದರಲ್ಲೂ ಬೈಗುಳ ಹೊಸದು, ಬೈಸಿಕೊಂಡವನು ಮಾತ್ರ ಒಬ್ಬನೇ. ಯೋಚಿಸಿ ನೋಡಿದರೆ ಸರಿಯೇ, ಬೈಯಬೇಕಾಗಿಲ್ಲದಾಗ ಭಾವ ಫೋನ್ ಮಾಡುತ್ತಿರಲಿಲ್ಲ, ನೇರ ಮನೆಗೇ ಬರುತ್ತಿದ್ದ. ಲಕ್ಷ್ಮಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಗಲು ಶುರು ಮಾಡಿ ಅಳುವಿನಲ್ಲಿ ಮುಗಿಸಿದರು. ಭಾವ ಕಣ್ಣು ಮುಚ್ಚಿಕೊಂಡು, ತಲೆ ಸ್ವಲ್ಪ ಓರೆ ಮಾಡಿ ಕೇಳುತ್ತಿದ್ದ.

"ಸಕತ್ ಕ್ಲಿಯರ್ ಆಗಿದೆ ಅಂಕಲ್. ತುಂಬ ಚೆನ್ನಾಗಿ ಬೈದಿದಾರೆ. ಇನ್ನೂ ಇದಾವಾ?" ಎಂದಳು ಪವಿತ್ರಾ.

"ಬೇಕಾದಷ್ಟಿವೆ."

ದನಿ ವಾಪಸು ಬಂತು. ಈ ಸಲ ಪವಿತ್ರಾ ಅದನ್ನು ನಾಲ್ಕಾರು ಕಡೆ ತೆಗೆದಿಟ್ಟು, ಯಾವ ಜಾಗವನ್ನೂ ನನಗೆ ಹೇಳಲಿಲ್ಲ. ಕಂಪ್ಯೂಟರನ್ನು ನನ್ನ ಮನೆಯಲ್ಲಿ ಇಡುವುದು ಬೇಡ, ಭಾವನ ಮನೆಗೇ ಕಳಿಸಬೇಕೆಂಬ ನಿರ್ಣಯವೂ ಸರ್ವಾನುಮತದಿಂದ ಅಂಗೀಕಾರವಾಯಿತು. ನಾನೂ ಕೈ ಎತ್ತಿದೆ.

ಆದರೆ ವಾಪಸು ಬಂದದ್ದು ಬೈಗುಳ ಕೇಳಿ ಕಲಿತ ದನಿ. ಅದಕ್ಕೆ ಮೆತ್ತಗೆ ಮಾತಾಡಲು ಬರುವುದಿಲ್ಲ. ಮೊದಲ ದಿನ ಭಾವ ಮತ್ತೆ ಅದೇ ಸಾಲನ್ನು ಒತ್ತಿದ. "ಮಂಜು! ಕಾಫಿ ಕೊಡಮ್ಮ!" ಎಂದು ಬಂತು, ಅವಳೇನೋ ಮನೆಗೆ ಬೆಂಕಿ ಇಟ್ಟವಳ ಹಾಗೆ. ಮಂಜುಳಾ ಕಾಫಿ ತಂದುಕೊಟ್ಟಳು. ಆಮೇಲೆ ಅಡುಗೆಮನೆಯಲ್ಲಿ ನನಗೆ ಬೆನ್ನು ಮಾಡಿ ನಿಂತು, ಸಿಟ್ಟಿಲ್ಲದೆ ಹೇಳಿದಳು: "ಅಣ್ಣನ ದನೀನೇ. ಆದ್ರೆ ಹಂಗೆ ಅವ್ನು ನನ್ನ ಯಾವತ್ತೂ ಕರ್ದಿರ್ಲಿಲ್ಲ ಕಣ್ರೀ."

"ಮಂಜೂ" ಎಂದು ಎಳೆದು ಕರೆದದ್ದು ಹೋಯಿತು, ಅದನ್ನು ಕಳೆದವನು ನಾನು.

ಭಾವ ಮನೆಯಲ್ಲಿ ಆ ಕಂಪ್ಯೂಟರನ್ನು ಹೆಚ್ಚು ಮುಟ್ಟುವುದಿಲ್ಲ. ಹೆಂಡತಿಯನ್ನು ಚಪ್ಪಾಳೆ ತಟ್ಟಿ ಕರೆಯುತ್ತಾನೆ, ಉಳಿದದ್ದನ್ನು ಫೋನಿನಲ್ಲಿ ಬರೆದು ತೋರಿಸುತ್ತಾನೆ. ನಾನು ಹೋದರೆ ಮಾತ್ರ ಕುರ್ಚಿ ಎಳೆದುಕೊಂಡು ಅದರ ಮುಂದೆ ಕೂತು ಅಂಗೈ ಉಜ್ಜಿಕೊಳ್ಳುತ್ತಾನೆ. ನನ್ನನ್ನು ಬೈಯುವಾಗ ಆ ದನಿಯಲ್ಲಿ ಒಂದು ಎಳೆಯೂ ಹೆಚ್ಚುಕಡಿಮೆ ಇಲ್ಲ. ಅದು ಮುನಿರಾಜುವೇ, ಗಂಟಲು ನೆಟ್ಟಗಿದ್ದ ಮುನಿರಾಜು. ಲಕ್ಷ್ಮಕ್ಕ ಒಲೆ ಆರಿಸಿ ಬಂದು ಬಾಗಿಲಲ್ಲಿ ನಿಂತು ಕೇಳುತ್ತಾರೆ. ನಾನು ಹೋದ ದಿನ ಅವನು ಎರಡು ತುತ್ತು ಹೆಚ್ಚು ಉಣ್ಣುತ್ತಾನಂತೆ.

ಹಾಗಾಗಿ ಪ್ರತಿ ಭಾನುವಾರ ನೆಲಮಂಗಲದಲ್ಲಿ ಬಸ್ಸು ಹತ್ತಿ ದೊಡ್ಡಬಳ್ಳಾಪುರಕ್ಕೆ ಹೋಗಿ ಬೈಸಿಕೊಂಡು ಬರುತ್ತೇನೆ. ಹೋದ ವಾರ ಅವನಿಗೆಂದು ಕೊಂಡ ಮಾತ್ರೆಗಳ ಚೀಲವನ್ನು ಸೀಟಿನ ಮೇಲೆ ಬಿಟ್ಟು, ಪಕ್ಕದವರ ಕೊತ್ತಂಬರಿ ಸೊಪ್ಪಿನ ಚೀಲ ಹಿಡಿದುಕೊಂಡು ಇಳಿದಿದ್ದೆ. ಅವತ್ತಿನ ಬೈಗುಳ ಬಹಳ ಚೆನ್ನಾಗಿ ನಡೆಯಿತು. ಪಾಪ, ಅವನಿಗೆ ಬೈಯಲು ಪ್ರತಿ ವಾರವೂ ಕಾರಣ ಬೇಕಲ್ಲ ಎಂದು ಮೊದಮೊದಲು ನನಗೆ ಚಿಂತೆಯಾಗಿತ್ತು. ಬೇಕೆಂದೇ ಏನಾದರೂ ಒಂದು ತಪ್ಪು ಮಾಡಿಕೊಂಡು ಹೋಗಬೇಕೆಂದು ಬಸ್ಸಿನಲ್ಲಿ ಕೂತು ಯೋಚಿಸುತ್ತಿದ್ದೆ. ಇಲ್ಲಿಯವರೆಗೆ ಒಂದು ವಾರವೂ ಅದರ ಅಗತ್ಯ ಬಿದ್ದಿಲ್ಲ.